ಹೊಳ್ಳಿಸಿ ಕೇಳು

ಶ್ರದ್ಧಾಂಜಲಿ ಸಭೆಗೆ ನಾನು ತಲುಪುವಷ್ಟರಲ್ಲಿ ಮೌನ ಮುಗಿದಿತ್ತು. ಅಥಣಿಯಿಂದ ಹೊರಟ ಬಸ್ಸು ಕಬ್ಬು ಹೇರಿದ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು, ಚಿಕ್ಕೋಡಿ ಮುಟ್ಟಿದಾಗ ಹೊತ್ತು ಮೀರಿತ್ತು. ಕಾಲೇಜಿನ ಸಭಾಗೃಹದಲ್ಲಿ ಹೆಂಗಸರ ಕಡೆಯ ಕೊನೆಯ ಬೆಂಚಿನಲ್ಲಿ ಕುಳಿತುಕೊಂಡೆ. ವೇದಿಕೆಯ ಮೇಲೆ ನಮ್ಮ ತತ್ವಶಾಸ್ತ್ರದ ಮಾಸ್ತರರ ಫೋಟೋಗೆ ಮಾಲೆ ಹಾಕಿದ್ದರು. ಅದು ಯಾವುದೋ ಗ್ರೂಪ್ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಪಕ್ಕದವರ ಭುಜ ಒಂದು ಅಂಚಿನಲ್ಲಿ ಉಳಿದುಬಿಟ್ಟಿತ್ತು.

ಅವರ ಜೊತೆ ಬಹಳ ವರ್ಷ ಕೆಲಸ ಮಾಡಿದ ಒಬ್ಬರು ಮಾತನಾಡುತ್ತಿದ್ದರು. ಸರಳತೆ, ಸಮಯಪಾಲನೆ, ವಿದ್ಯಾರ್ಥಿಗಳ ಮೇಲಿನ ಕಾಳಜಿ, ಎಲ್ಲವನ್ನೂ ಹೇಳಿದರು. ಕೊನೆಗೆ ದನಿ ತಗ್ಗಿಸಿ, ಇಂಥ ಮೇಧಾವಿಗೆ ಕೊನೆಗಾಲದಲ್ಲಿ ಬುದ್ಧಿ ಸ್ತಿಮಿತ ಇಲ್ಲದಂತಾಯಿತು, ದೇವರು ಹಾಗೆ ಮಾಡಬಾರದಿತ್ತು ಎಂದರು. ಸಭೆಯ ತಲೆಗಳೆಲ್ಲ ಅಲ್ಲಾಡಿದವು. ಅವರು ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ ಅದು. ಗಂಡಸರ ಕಡೆ ಕುಳಿತಿದ್ದ ನನ್ನ ಸಹಪಾಠಿ ಬಸವರಾಜ ತಿರುಗಿ ನನ್ನನ್ನು ನೋಡಿದ. ಸಭೆಯಲ್ಲಿ ಎದ್ದು ನಿಂತು ಮಾತನಾಡುವುದು ನನ್ನ ಸ್ವಭಾವವಲ್ಲ. ಅಲ್ಲದೆ ಅದು ಎದ್ದು ನಿಂತು ಒಂದು ನಿಮಿಷದಲ್ಲಿ ಹೇಳಿ ಕೂಡುವ ಸಂಗತಿಯೂ ಆಗಿರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಉತ್ತರಪತ್ರಿಕೆಯಲ್ಲಿ ನಾವು ದೊಡ್ಡ ದೊಡ್ಡ ತತ್ವಜ್ಞಾನಿಗಳ ಹೆಸರು ಬರೆದರೆ ಅವರು ಕೆಂಪು ಪೆನ್ನಿನಿಂದ ಹೆಸರಿನ ಮೇಲೆ ಗೀಟು ಎಳೆಯುತ್ತಿದ್ದರು. "ಯಾರಂದ್ರು ಅನ್ನೂದು ನಂಗ ಬ್ಯಾಡ. ಏನಂದ್ರು, ಯಾಕಂದ್ರು, ಅಷ್ಟ ಹೇಳು" ಎನ್ನುತ್ತಿದ್ದರು. ಅವರ ವಿಷಯದಲ್ಲೂ ಅದೇ ಕ್ರಮ ಇರಲಿ.

ನಾನು ತತ್ವಶಾಸ್ತ್ರ ಓದಲೆಂದು ಕಾಲೇಜಿಗೆ ಸೇರಿದವಳಲ್ಲ. ಎಂಬತ್ತರ ದಶಕದ ನಡುವಿನ ಮಾತು. ನಮ್ಮದು ಅಥಣಿಯ ಕಡೆ ದ್ರಾಕ್ಷಿ ತೋಟದ ಮನೆ. ಚಿಕ್ಕೋಡಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಬಿ.ಎ. ಮಾಡುವುದೆಂದು ಗೊತ್ತಾಗಿತ್ತು. ಅಪ್ಪನಿಗೆ ತೋಟದಲ್ಲಿ ಚಾಟ್ನಿಯ ಕೆಲಸ, ಬಳ್ಳಿ ಕತ್ತರಿಸುವ ದಿನಗಳು. ಹೀಗಾಗಿ ಹೆಸರು ಹಚ್ಚಲು ತಡವಾಗಿ ಹೋದೆವು. ಇತಿಹಾಸ ತುಂಬಿತ್ತು, ಅರ್ಥಶಾಸ್ತ್ರವೂ ತುಂಬಿತ್ತು. ಗುಮಾಸ್ತರು ತಲೆ ಎತ್ತದೆ, ತತ್ವಶಾಸ್ತ್ರ ತಗೋರಿ, ಅಲ್ಲಿ ಬೇಕಾದಷ್ಟು ಜಾಗ ಐತಿ ಎಂದರು. ಅತ್ತೆಗೆ ವಿಷಯದ ಹೆಸರು ಹೇಳಿದಾಗ ಆಕೆ ಹಿಟ್ಟು ನಾದುವುದನ್ನು ನಿಲ್ಲಿಸಿ, "ಅಂದ್ರ ಏನ ಬೇ ಅದು? ಏಕತಾರಿ ಹಿಡಕೊಂಡು ಪದಾ ಹಾಡೂದೇನು?" ಎಂದಳು. ನಾನು ಅಲ್ಲವೆಂದರೂ ಓಣಿಯಲ್ಲಿ ನಮ್ಮ ಹುಡುಗಿ ಭಜನೆ ಕಲಿಯುತ್ತಿದ್ದಾಳೆ ಎಂದೇ ಹೇಳಿಕೊಂಡು ಬಂದಳು. ಶ್ರಾವಣದಲ್ಲಿ ಒಂದಿಬ್ಬರು ಮುದುಕಿಯರು ಹಾಡು ಅಂತ ನನ್ನನ್ನು ಕೇಳಿದ್ದೂ ಉಂಟು.

ತತ್ವಶಾಸ್ತ್ರದ ಖೋಲಿ ಸೈಕಲ್ ನಿಲ್ಲಿಸುವ ತಗಡಿನ ಚಪ್ಪರದ ಆಚೆ, ಎಲ್ಲಕ್ಕಿಂತ ಕೊನೆಗಿತ್ತು. ಅಲ್ಲಿಗೆ ಗಂಟೆಯ ಸದ್ದು ಕೇಳುತ್ತಿರಲಿಲ್ಲ. ಅವರು ಕಟ್ಟುತ್ತಿದ್ದ ಕೈಗಡಿಯಾರವೇ ನಮಗೆ ಗಂಟೆ. ಅವಧಿ ಮುಗಿಯಿತೆಂದರೆ ಬೆರಳ ಗೆಣ್ಣಿನಿಂದ ಮೇಜಿಗೆ ಎರಡು ಸಲ ಬಡಿಯುತ್ತಿದ್ದರು. ಮಾತು ಎಲ್ಲಿಯೇ ಇರಲಿ, ವಾಕ್ಯ ಅರ್ಧಕ್ಕೇ ನಿಂತಿರಲಿ, ಬಡಿದರೆಂದರೆ ಮುಗಿಯಿತು. ಬರುವುದೂ ಹಾಗೆಯೇ. ಅಥಣಿಯಲ್ಲಿ ಮಾಡಿಸಿದ ದಪ್ಪ ಅಟ್ಟೆಯ ಚಪ್ಪಲಿ ಹಾಕುತ್ತಿದ್ದರು. ಅದರ ಕರಕರ ಸದ್ದು ಮೊದಲು ಖೋಲಿಗೆ ಬರುತ್ತಿತ್ತು, ಅವರು ಆಮೇಲೆ. ಬಿಳಿ ಅಂಗಿ, ಕಾಲಿನ ಹರಡಿಗಿಂತ ಮೇಲೆ ನಿಂತ ಪ್ಯಾಂಟು, ಕಿವಿಯ ಮೇಲೆ ಒಂದಷ್ಟು ನೆರೆತ ಕೂದಲು. ಮೈಕಟ್ಟು ಮಾತ್ರ ದನ ಕಾಯ್ದವರ ಮೈಕಟ್ಟು. ರಾಯಬಾಗ ತಾಲೂಕಿನ ಪಾಲಬಾವಿಯವರು, ಸಣ್ಣ ಹೊಲ ಮತ್ತು ಎಮ್ಮೆಗಳ ಮನೆಯಿಂದ ಬಂದವರು.

ಮೊದಲ ದಿನ ಅವರು ಹಲಗೆಯ ಮೇಲೆ ಏನೂ ಬರೆಯಲಿಲ್ಲ. ಮೊದಲ ಬೆಂಚಿನ ಬಸವರಾಜನನ್ನು ಎಬ್ಬಿಸಿ, ನೀನು ಇದ್ದೀ ಅಂತ ನಿನಗೆ ಹೇಗೆ ಗೊತ್ತು ಎಂದು ಕೇಳಿದರು. ಬಸವರಾಜ ರಾಯಬಾಗದವನು, ಮಾತಿಗೆ ಹಿಂಜರಿಯುವವನಲ್ಲ.

"ಈಗರೇ ಹಾಜರಿ ಹೇಳೀನಲ್ರಿ ಸರ್."

"ನೀ ಸಿನಿಮಾಕ್ಕ ಹೋದಾಗ ನಿನ್ನ ಗೆಳ್ಯಾ ನಿನ್ನ ಹಾಜರಿ ಹೇಳ್ತಾನಲಾ, ಆವಾಗ ನೀ ಇಲ್ಲಿ ಇರ್ತೀಯೋ ಇಲ್ಲೋ?"

ಎಲ್ಲರೂ ನಕ್ಕರು. ಅವರು ನಗಲಿಲ್ಲ. ಬಸವರಾಜ ಉತ್ತರ ಹೇಳುವವರೆಗೂ ನಿಂತೇ ಕಾದರು. ಆ ಕಾಯುವಿಕೆ ನಮಗೆ ಹೊಸದು. ಅಲ್ಲಿಯವರೆಗೆ ನಮಗೆ ಪ್ರಶ್ನೆ ಕೇಳಿದ ಮಾಸ್ತರರೆಲ್ಲ ಉತ್ತರವನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದ್ದರು.

ಅವರ ಕಲಿಸುವ ಪದ್ಧತಿ ಎಂದರೆ ಒಂದೇ. ಯಾವ ಪ್ರಶ್ನೆಯನ್ನಾದರೂ ಎರಡು ಸಲ ಕೇಳಬೇಕು, ಒಮ್ಮೆ ನೇರವಾಗಿ, ಇನ್ನೊಮ್ಮೆ ಹೊಳ್ಳಿಸಿ. ಹೊಳ್ಳಿಸುವುದೆಂದರೆ ನಮ್ಮ ಸೀಮೆಯ ಮಾತಿನಲ್ಲಿ ಮಗುಚಿ ಹಾಕುವುದು. ಆತ್ಮ ಇದೆಯೇ ಎಂದು ಕೇಳಿ ಉತ್ತರ ಪಡೆದಮೇಲೆ ಆತ್ಮ ಎಂಬುದು ಇಲ್ಲವೇ ಎಂದು ಮೊದಲಿನಿಂದ ಮತ್ತೆ ಕೇಳಬೇಕು. ಯಾರಾದರೂ ಅವಸರದಲ್ಲಿ ಉತ್ತರ ಹೇಳಿದರೆ ಅವರು ಬಲಗೈಯನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟು, ಮೆಲ್ಲಗೆ ಅಂಗೈ ಮೇಲೆ ಮಾಡುತ್ತಿದ್ದರು. ಬಾಯಿಂದ ಏನೂ ಹೇಳುತ್ತಿರಲಿಲ್ಲ. ಅದು ಹೊಳ್ಳಿಸಿ ಕೇಳು ಎಂಬ ಸನ್ನೆ. ಮೊದಲ ಸಲ ಆ ಕೈ ನನ್ನ ಕಡೆ ಹೊರಳಿದಾಗ ನಾನು ಏನೆಂದು ತಿಳಿಯದೆ ಸುಮ್ಮನೆ ನಿಂತಿದ್ದೆ. ಆಗ ಹೇಳಿದರು: "ನಿಮ್ಮವ್ವ ರೊಟ್ಟಿ ಒಂದ ಮಗ್ಗಲ ಬೇಯಿಸಿ ತಾಟಿಗೆ ಹಾಕ್ತಾಳೇನವಾ? ಇಲ್ಲಲಾ? ಹಂಗ ಇದೂ. ನೇರ ಕೇಳಿದ್ದಕ್ಕೂ ಹೊಳ್ಳಿಸಿ ಕೇಳಿದ್ದಕ್ಕೂ ಒಂದ ಉತ್ತರ ಬಂತಂದ್ರ, ಬಾಯಿ ಮಾತಾಡೈತಿ. ನೀ ಮಾತಾಡಿಲ್ಲ."

ಈ ಮಾತು ಆಗ ಪರೀಕ್ಷೆಗೆ ಬರುವಂಥದ್ದೆಂದು ನನಗೆ ಅನಿಸಿರಲಿಲ್ಲ.

ಎರಡನೆಯ ವರ್ಷ ಒಂದು ದಿನ ಅವರು ಬಂದವರೇ ದವಡೆಗೆ ಕೈ ಹಚ್ಚಿಕೊಂಡು ಕುರ್ಚಿಯಲ್ಲಿ ಕುಳಿತು, ನನಗೆ ಹಲ್ಲು ನೋಯುತ್ತಿದೆ, ಇದು ಖರೆಯೋ ಸುಳ್ಳೋ ಹೇಳಿ ಎಂದರು. ಇನ್ನೊಬ್ಬರ ನೋವು ನಮಗೆ ಹೇಗೆ ಗೊತ್ತಾಗುತ್ತದೆ ಎಂಬುದು ಅಂದಿನ ಪಾಠ. ಇಡೀ ಅವಧಿ ವಾದ ನಡೆಯಿತು. ಮುಖ ನೋಡಿದರೆ ತಿಳಿಯುತ್ತದೆ ಎಂದು ನಾವು ಕೆಲವರು. ನಾಟಕದವರೂ ಮುಖ ಹಾಗೆಯೇ ಮಾಡುತ್ತಾರೆ ಎಂದು ಬಸವರಾಜ. ಅವರು ನಡುನಡುವೆ ಕಣ್ಣು ಮುಚ್ಚಿ ಮುಖ ಕಿವುಚುತ್ತಿದ್ದರು. ಬಸವರಾಜ ಧೈರ್ಯ ಮಾಡಿ, "ಸರ್, ಆ್ಯಕ್ಟಿಂಗ್ ಭಾಳ ಚಲೋ ಮಾಡಾಕತ್ತೀರಿ" ಎಂದ. ಎರಡು ಸಲ ಮೇಜು ಬಡಿದು ಎದ್ದು ಹೋದರು. ಮರುದಿನ ಬರಲಿಲ್ಲ. ಅದರ ಮರುದಿನ ಕೆನ್ನೆ ಊದಿಸಿಕೊಂಡು ಬಂದರು. ಹಲ್ಲು ಕೀಳಿಸಿಕೊಳ್ಳಲು ನಿಪ್ಪಾಣಿಗೆ ಹೋಗಿದ್ದರಂತೆ. ಬಸವರಾಜನ ಮುಖ ನೋಡುವಂತಿರಲಿಲ್ಲ. ಅವರು ಊದಿದ ಬಾಯಿಂದಲೇ, ಈಗ ನಿಮಗೆ ಗೊತ್ತಾಯಿತು ಅಂತೀರಿ, ಏನು ಗೊತ್ತಾಯಿತು, ನೋವು ಗೊತ್ತಾಯಿತೋ ಬಾವು ಗೊತ್ತಾಯಿತೋ ಎಂದು ಪಾಠ ಮುಂದುವರಿಸಿದರು.

ತಾವು ಈ ದಾರಿಗೆ ಬಂದದ್ದು ಹೇಗೆಂದು ಅವರು ಒಮ್ಮೆ ಮಾತ್ರ ಹೇಳಿದ್ದು ನೆನಪಿದೆ. ಚಿಕ್ಕಂದಿನಲ್ಲಿ ಪಾಲಬಾವಿಯ ಹಳ್ಳದಲ್ಲಿ ಎಮ್ಮೆಗಳನ್ನು ನೀರಿಗೆ ಬಿಟ್ಟು ದಡದಲ್ಲಿ ಕುಳಿತಾಗ, ಈ ಎಮ್ಮೆಗೆ ತಾನು ಎಮ್ಮೆ ಅಂತ ಗೊತ್ತಿದೆಯೇ ಎಂಬ ವಿಚಾರ ಬಂತಂತೆ. ಅಣ್ಣನನ್ನು ಕೇಳಿದರೆ ಅಣ್ಣ ಬಾರುಕೋಲಿನಿಂದ ಬೆನ್ನಿಗೆ ಒಂದು ಕೊಟ್ಟು, ಎಮ್ಮೆ ಹೊಲಕ್ಕೆ ಹೊಕ್ಕಿದೆ, ಅದನ್ನು ನೋಡು ಎಂದನಂತೆ. ಅಂದಿನಿಂದ ಇಂದಿನವರೆಗೂ ಅದಕ್ಕೆ ಉತ್ತರ ಸಿಕ್ಕಿಲ್ಲ, ಸಂಬಳ ಮಾತ್ರ ಸಿಗುತ್ತಿದೆ ಎಂದರು.

ಕೊನೆಯ ವರ್ಷಕ್ಕೆ ಆ ಖೋಲಿಯಲ್ಲಿ ಉಳಿದವರು ಬಸವರಾಜ ಮತ್ತು ನಾನು. ನನಗೆ ಪುಸ್ತಕ ಬೇಕಾದಾಗ ಅವರ ಮನೆಗೆ ಹೋಗುತ್ತಿದ್ದೆ. ಮಕ್ಕಳಿಲ್ಲದ ಮನೆ. ಪಡಸಾಲೆಯ ಒಂದು ಗೋಡೆಗೆ ಪುಸ್ತಕ, ಇನ್ನೊಂದು ಗೋಡೆಗೆ ಕಾಳಿನ ಡಬ್ಬಿಗಳು. ಅವರ ಹೆಂಡತಿಯನ್ನು ನಾವೆಲ್ಲ ಕಾಕು ಎನ್ನುತ್ತಿದ್ದೆವು. ಸಣ್ಣ ಮೈಯ, ಚುರುಕು ಮಾತಿನ ಹೆಂಗಸು. ಒಂದು ಸಲ ನನಗೆ ಚುರುಮುರಿಯ ತಾಟು ಕೊಡುತ್ತ, ಗಂಡನಿಗೆ ಕೇಳಿಸಲೆಂದೇ, "ಊರ ಮಂದೀನ್ನೆಲ್ಲಾ ಪ್ರಶ್ನೆ ಕೇಳ್ತಾರವಾ. ಇವತ್ತ ಏನ ಪಲ್ಯಾ ಮಾಡ್ಲಿ ಅಂತ ನಾ ಕೇಳಿದ್ರ ಉತ್ತರ ಇಲ್ಲ. ನಿನಗೇನ ಬೇಕ ಅಂತ ನನ್ನ ಒಂದರೇ ದಿವಸ ಕೇಳ್ಯಾರೇನ, ಅದನ್ನ ಕೇಳು" ಎಂದರು. ಅವರು ಪೇಪರಿನ ಹಿಂದಿನಿಂದ ಹೊರಗೆ ಬರಲಿಲ್ಲ. ನಾನು ಚುರುಮುರಿ ತಿಂದೆ. ಗಂಡಹೆಂಡತಿಯ ಮಾತಿನಲ್ಲಿ ಬಾಯಿ ಹಾಕುವಷ್ಟು ದೊಡ್ಡವಳಾಗಿರಲಿಲ್ಲ.

ಎಂ.ಎ. ಮಾಡಲು ಧಾರವಾಡಕ್ಕೆ ಹೊರಟಾಗ ಅವರು ಆಶೀರ್ವಾದದ ಮಾತೇನೂ ಆಡಲಿಲ್ಲ. ಅಲ್ಲಿ ಹೆಸರುಗಳು ಬಹಳ ಇರುತ್ತವೆ, ಹುಷಾರು ಎಂದರು.

ಧಾರವಾಡದ ಎರಡನೆಯ ವರ್ಷದ ಕೊನೆಗೆ ಅವರಿಗೆ ಲಕ್ವಾ ಹೊಡೆಯಿತು. ಮಿರಜಿಗೆ ಒಯ್ದರು. ಜೀವ ಉಳಿಯಿತು, ಬಲಗೈ ಮತ್ತು ಬಲಗಾಲು ಬಿದ್ದುಹೋದವು. ಮಾತೂ ಹೋಯಿತು. ಪರೀಕ್ಷೆ ಮುಗಿಸಿ ನಾನು ನೋಡಲು ಹೋಗುವ ಹೊತ್ತಿಗೆ ಆಸ್ಪತ್ರೆಯಿಂದ ಮನೆಗೆ ಕರೆತಂದು ಬಹಳ ದಿನಗಳಾಗಿದ್ದವು.

ಪಡಸಾಲೆಯಲ್ಲಿ ಪುಸ್ತಕದ ಗೋಡೆಗೆ ಹಚ್ಚಿ ಮಂಚ ಹಾಕಿದ್ದರು. ದಿಂಬುಗಳ ಆಧಾರದಲ್ಲಿ ಅವರು ಕುಳಿತಿದ್ದರು. ಮುಖದ ಬಲಭಾಗ ಸ್ವಲ್ಪ ಕೆಳಗೆ ಜಗ್ಗಿತ್ತು. ಬಾಗಿಲ ಬಳಿ ತಲೆಗೆ ಹಸಿರು ಪಟಗಾ ಸುತ್ತಿದ ಎತ್ತರದ ಮುದುಕರೊಬ್ಬರು ಕುಳಿತಿದ್ದರು. ಪಾಲಬಾವಿಯ ಅಣ್ಣ. ಬಾರುಕೋಲಿನ ಅಣ್ಣ ಇವರೇ ಎಂದು ಗುರುತಿಸಿದೆ. ನಾನು ನಮಸ್ಕಾರ ಮಾಡಿ, ಸರ್, ಹೇಗಿದ್ದೀರಿ ಎಂದೆ.

"ಇಲ್ಲ" ಎಂದರು ಅವರು.

ಕಾಕು ಒಳಗಿನಿಂದ ಬಂದರು. ಬಹಳ ಇಳಿದುಹೋಗಿದ್ದರು. "ಅದೊಂದ ಮಾತ ಉಳದೈತಿ ನೋಡವಾ. ಅನ್ನ ಹಾಕ್ಲೇನ ಅಂದ್ರ ಇಲ್ಲ. ಸಾಕೇನ ಅಂದ್ರ ಇಲ್ಲ. ನಾ ಅದೀನಿ ಇಲ್ಲೇ ಅಂದ್ರೂ ಇಲ್ಲ. ಕೇಳಿ ಕೇಳಿ ಸಾಕಾಗಿ ಕೇಳೂದ ಬಿಟ್ಟೀನಿ. ಹೊತ್ತಿಗೆ ಸರಿಯಾಗಿ ಹಾಕ್ತೀನಿ, ತಿಂತಾರ."

ಅಣ್ಣ ಪಟಗಾ ತೆಗೆದು ತೊಡೆಯ ಮೇಲೆ ಇಟ್ಟುಕೊಂಡರು. ಸಣ್ಣ ಹುಡುಗನ ಹಾಗೆ ಆಗಿದ್ದಾನೆ, ಇವನಿಗೆ ಈಗ ಏನೂ ತಿಳಿಯುವುದಿಲ್ಲ, ಅಮಾವಾಸ್ಯೆ ಮುಗಿದ ಮೇಲೆ ಊರಿಗೆ ಒಯ್ಯುತ್ತೇವೆ ಎಂದು ನನಗೆ ತಿಳಿಸಿದರು. ತಮ್ಮನ ಮುಂದೆಯೇ ಹೇಳಿದರು, ಗೋಡೆಯ ಮುಂದೆ ಹೇಳುವ ಹಾಗೆ. ಅಣ್ಣನ ಕಣ್ಣಲ್ಲಿ ನೀರಿತ್ತು.

ನಾನು ಮಂಚದ ಹತ್ತಿರ ಸ್ಟೂಲಿನ ಮೇಲೆ ಕುಳಿತೆ. ಬದುಕಿನುದ್ದಕ್ಕೂ ಪ್ರಶ್ನೆ ಕೇಳಿದ ಮನುಷ್ಯನಿಗೆ ಈಗ ಮನೆಯಲ್ಲಿ ಯಾರೂ ಏನನ್ನೂ ಕೇಳುವುದಿಲ್ಲ ಎಂಬುದು ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿತ್ತು. ಆ ಹಿಂದೆ ಎಷ್ಟು ಜನ ಬಂದು ಹೋಗಿದ್ದರೋ. ಎಲ್ಲರಿಗೂ ಇಲ್ಲ ಎಂಬ ಒಂದೇ ಉತ್ತರ ಸಿಕ್ಕಿ, ಎಲ್ಲರೂ ಅದೇ ತೀರ್ಮಾನಕ್ಕೆ ಬಂದು ಎದ್ದು ಹೋಗಿದ್ದರು. ಕಾಕು ಚಹಾ ತಂದರು. ನಾನು ಕಪ್ಪು-ಬಸಿ ಕೈಯಲ್ಲಿ ಹಿಡಿದು, ಸುಮ್ಮನೆ ರೂಢಿಯಿಂದ ಕೇಳಿದೆ.

"ಸರ್, ಚಹಾ ಬೇಕೇನ್ರಿ?"

"ಇಲ್ಲ."

"ನೋಡಿದೇನು?" ಎಂದರು ಕಾಕು.

ಆಗ ಅವರ ಎಡಗೈ ಕಂಡಿತು. ಹೊದಿಕೆಯ ಮೇಲೆ ಬೋರಲಾಗಿದ್ದ ಆ ಕೈ ಮೆಲ್ಲಗೆ ಹೊರಳಿ ಅಂಗೈ ಮೇಲಾಯಿತು. ಬಹಳ ಸಾವಕಾಶವಾಗಿ, ಹೊಸ ಕೈಯಿಂದ ಅಕ್ಷರ ಬರೆಯುವವರ ಹಾಗೆ. ಬಲಗೈಯಿಂದ ಮಾಡುತ್ತಿದ್ದ ಆ ಸನ್ನೆ ನಾನು ವರ್ಷಗಟ್ಟಲೆ ನೋಡಿದ್ದು. ಕೈ ಮತ್ತೆ ಬೋರಲಾಗುವವರೆಗೆ ಕಾದು, ಹೊಳ್ಳಿಸಿ ಕೇಳಿದೆ.

"ಸರ್, ಚಹಾ ಬ್ಯಾಡೇನ್ರಿ?"

"ಇಲ್ಲ" ಎಂದಿತು ಬಾಯಿ. ಕೈ ಅಲ್ಲಾಡಲಿಲ್ಲ.

ನೇರ ಕೇಳಿದ್ದಕ್ಕೂ ಹೊಳ್ಳಿಸಿ ಕೇಳಿದ್ದಕ್ಕೂ ಬಾಯಿಯ ಉತ್ತರ ಒಂದೇ. ಅಂದರೆ ಬಾಯಿ ಮಾತನಾಡುತ್ತಿತ್ತು, ಅವರಲ್ಲ. ಅವರು ಕೈಯಲ್ಲಿ ಮಾತನಾಡುತ್ತಿದ್ದರು: ಹೊರಳಿದರೆ ಹೌದು, ಹೊರಳದಿದ್ದರೆ ಅಲ್ಲ. ನಾನು ಒಂದೊಂದೇ ಕೇಳುತ್ತ ಹೋದೆ. ಇದು ಚಿಕ್ಕೋಡಿಯೇ? ಕೈ ಹೊರಳಿತು. ಇದು ನಿಪ್ಪಾಣಿಯೇ? ಹೊರಳಲಿಲ್ಲ. ನಿಮ್ಮ ಹಲ್ಲು ಕಿತ್ತದ್ದು ನಿಪ್ಪಾಣಿಯಲ್ಲೇ? ಹೊರಳಿತು, ಮುಖದ ಎಡಭಾಗವೂ ಸ್ವಲ್ಪ ಸಡಿಲಾಯಿತು. ಬಾಯಿ ಮಾತ್ರ ಎಲ್ಲದಕ್ಕೂ ಇಲ್ಲ ಇಲ್ಲ ಎನ್ನುತ್ತಲೇ ಇತ್ತು, ಬೇರೆ ಯಾರದೋ ಬಾಯಿಯಂತೆ.

ಅಣ್ಣ ಎದ್ದು ಬಂದು ಮಂಚದ ಕಾಲಿನ ಕಡೆ ನಿಂತಿದ್ದರು. ನನ್ನನ್ನು ಸರಿಸಿ ತಾವೇ ಕೇಳಿದರು.

"ತಮ್ಮಾ, ನಾ ನಿಮ್ಮಣ್ಣ ಹೌದಿಲ್ಲೋ?"

ಕೈ ಹೊರಳಿತು.

"ಇನ್ನೊಂದ ಸಲಾ ಹೊಳ್ಳಿಸಿ ಕೇಳ್ರಿ ಅಜ್ಜಾರ" ಎಂದೆ ನಾನು. ಅವರಿಗೆ ಹೇಗೆ ಹೊಳ್ಳಿಸುವುದೋ ತಿಳಿಯಲಿಲ್ಲ. ಸ್ವಲ್ಪ ಯೋಚಿಸಿ, "ಹಂಗಾರ ನಾ ನಿಮ್ಮ ಕಾಲೇಜಿನ ಪ್ರಿನ್ಸಿಪಾಲೇನು?" ಎಂದರು. ಕೈ ಹಾಗೆಯೇ ಇತ್ತು. ಆದರೆ ಅವರ ಹೊಟ್ಟೆ ಕುಲುಕಿತು. ನಗುತ್ತಿದ್ದರು. ಅಣ್ಣ ಪಟಗಾದ ತುದಿಯಿಂದ ಕಣ್ಣು ಒರೆಸಿಕೊಂಡು ಗೋಡೆಯ ಕಡೆ ತಿರುಗಿದರು.

ಕಾಕು ಹತ್ತಿರ ಬಂದು, ನನ್ನ ಕಡೆ ನೋಡದೆ, ತಗ್ಗಿದ ದನಿಯಲ್ಲಿ ಕೇಳಿದರು. "ರಾತ್ರಿ ನಾ ಚಾದರ ಹೊಚ್ತೀನಲ್ರಿ, ನೀವು ಒದೀತೀರಿ. ನಿಮಗ ಥಂಡಿ ಹತ್ತೂದಿಲ್ಲೇನ್ರಿ? ಚಾದರ ಬ್ಯಾಡೇನ್ರಿ?" ಕೈ ಹೊರಳಿತು. ಬೇಡವಾಗಿತ್ತು. ಇಷ್ಟು ದಿನ ಸೆಕೆಯಲ್ಲಿ ಹೊದಿಸಿದ್ದೆನಲ್ಲ ಎಂದು ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

ಆಮೇಲೆ ಪಾಲಬಾವಿಯ ಮಾತು ಬಂತು. ಅಣ್ಣ ನ್ಯಾಯದ ಮನುಷ್ಯ. ಅವನಿಗೆ ತಿಳಿಯುತ್ತದೆ ಅಂದಮೇಲೆ ಅವನನ್ನು ಕೇಳದೆ ಒಯ್ಯುವುದಿಲ್ಲ, ನೀನೇ ಕೇಳವಾ, ನಿನಗೆ ಕೇಳುವ ಪದ್ಧತಿ ಗೊತ್ತಿದೆ ಎಂದರು. ಉತ್ತರ ಏನು ಬರಬೇಕೆಂದು ನನ್ನ ಮನಸ್ಸು ಆಗಲೇ ನಿರ್ಧರಿಸಿತ್ತು. ಆ ಪುಸ್ತಕದ ಗೋಡೆ, ನಮ್ಮಂಥವರು ಬಂದು ಹೋಗಲು ಅನುಕೂಲವಾದ ಊರು, ಡಾಕ್ಟರ ಹತ್ತಿರದ ಮನೆ. ಇದನ್ನು ಬಿಟ್ಟು ಎಮ್ಮೆಗಳ ನಡುವೆ ಅವರು ಏನು ಮಾಡುತ್ತಾರೆ ಎಂದು ನನ್ನ ಎಣಿಕೆ.

"ಸರ್, ಪಾಲಬಾವಿಗೆ ಹೋಗ್ತೀರೇನ್ರಿ?"

ಕೈ ತಡಮಾಡದೆ ಹೊರಳಿತು.

"ಸರ್, ಇಲ್ಲೇ ಚಿಕ್ಕೋಡ್ಯಾಗ ಇರ್ತೀರೇನ್ರಿ?"

ಕೈ ಹೊದಿಕೆಯ ಮೇಲೆ ಬೋರಲಾಗಿಯೇ ಉಳಿಯಿತು. ನಾನು ಇನ್ನೂ ಸ್ವಲ್ಪ ಕಾದೆ. ಮೂರನೆಯ ಸಲ ಕೇಳಬೇಕೆನಿಸಿತು. ಮೂರನೆಯ ಸಲ ಕೇಳಿದರೆ ಅದು ಪ್ರಶ್ನೆಯಲ್ಲ, ಹಟ ಎಂದು ಅವರೇ ಬಸವರಾಜನಿಗೆ ಹೇಳಿದ್ದು ನೆನಪಾಗಿ ಸುಮ್ಮನಾದೆ.

ಆಗ ಅವರು ಎಡಗೈ ಎತ್ತಿದರು. ಬೆರಳು ಕಾಕು ಅವರ ಕಡೆ ತಿರುಗಿತ್ತು. ಕಾಕು ಓಡಿಹೋಗಿ ನೀರು ತಂದರು. ಅದಲ್ಲ. ದಿಂಬು ಸರಿಮಾಡಿದರು. ಅದೂ ಅಲ್ಲ. ಕೈ ಮತ್ತೆ ಕಾಕು ಕಡೆ ಎದ್ದು, ಗಾಳಿಯಲ್ಲೇ ಬೋರಲಿನಿಂದ ಮೇಲಕ್ಕೆ ಹೊರಳಿತು. ಕಣ್ಣು ನನ್ನ ಮೇಲಿತ್ತು, ಮೊದಲ ದಿನ ಬಸವರಾಜನ ಉತ್ತರಕ್ಕೆ ಕಾದು ನಿಂತಾಗಿನ ಅದೇ ಕಣ್ಣು. ನನಗೆ ತಡವಾಗಿ ಹೊಳೆಯಿತು.

"ಕಾಕು, ನಿಮ್ಮನ್ನ ಕೇಳಂತಾರ್ರಿ. ನಿಮಗೇನ ಬೇಕಂತ."

ಅಣ್ಣನಿಗೆ ಇದು ವಿಚಿತ್ರವೆನಿಸಿತು. ಗಂಡ ಇದ್ದಲ್ಲಿ ಹೆಂಡತಿ, ಅದರಲ್ಲಿ ಕೇಳುವುದೇನಿದೆ ಎಂದರು. ಕಾಕು ನಿಂತಲ್ಲೇ ನಿಂತು ನೀರಿನ ತಂಬಿಗೆಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದರು. ಏನೂ ಹೇಳಲಾರರು ಎಂದುಕೊಂಡೆ. ಆದರೆ ಹೇಳಿದರು.

"ಭಾವಾರ ಮುಂದ ಹೇಳಬಾರ್ದು. ನಂಗ ಅವರನ್ನ ಎತ್ತಾಕ ಆಗವಲ್ದವಾ. ನಡಾ ಹಿಡಕೊಂಡ ಬಿಟ್ಟೈತಿ. ಬಚ್ಚಲಕ್ಕ ಒಯ್ಯೂ ಮುಂದ ದಿನಾ ಬೀಳ್ತೀವಿ ಅಂತ ಅಂಜಿಕಿ. ಊರಾಗ ಕೈ ಹಚ್ಚಾಕ ಮಂದಿ ಅದಾರ. ಹೋಗೂಣು ಅಂದ್ರ ನಾ ಬ್ಯಾಸತ್ತೆ ಅಂದಂಗ ಆಗ್ತದಂತ ಬಾಯಿ ಮುಚ್ಚಕೊಂಡಿದ್ದೆ." ನನ್ನ ಕಡೆ ನೋಡಿ, "ನನ್ನ ಹೊಳ್ಳಿಸಿ ಕೇಳಬ್ಯಾಡವಾ. ಇಷ್ಟ ಹೇಳಾಕ ಭಾಳ ತ್ರಾಸ ಆಗೇತಿ" ಎಂದರು.

ಅವರ ಕೈ ಹೊದಿಕೆಯ ಮೇಲೆ ಅಂಗೈ ಮೇಲಾಗಿ ಬಿದ್ದಿತ್ತು. ಕಾಕು ತಂಬಿಗೆಯನ್ನು ಅಲ್ಲಿಯೇ ನೆಲಕ್ಕೆ ಇಟ್ಟು ಒಳಗೆ ಹೋದರು. ಅಮಾವಾಸ್ಯೆಯ ನಂತರ ಅವರು ಪಾಲಬಾವಿಗೆ ಹೋದರು.

ಆ ದಿನದಿಂದ ನನ್ನನ್ನು ಬಿಡದ ಒಂದು ವಿಚಾರವಿದೆ. ಊರಿಗೆ ಹೋಗುತ್ತೇನೆ ಎಂದು ಕೈ ಹೊರಳಿಸಿದ್ದು ಅವರ ಸ್ವಂತ ಆಸೆಯೋ, ಅಥವಾ ಹೆಂಡತಿಯ ಸೊಂಟದ ನೋವು ಯಾರಿಗೂ ಗೊತ್ತಾಗುವ ಮೊದಲು ಅವರಿಗೆ ಗೊತ್ತಿತ್ತೋ? ದಿನಾ ಅವರನ್ನು ಎತ್ತುತ್ತಿದ್ದ ಆ ಮೈಯ ನಡುಕ ಅವರ ಮೈಗೆ ತಿಳಿದಿರಲೇಬೇಕು. ಇನ್ನೊಬ್ಬರ ನೋವು ನಮಗೆ ಹೇಗೆ ಗೊತ್ತಾಗುತ್ತದೆ ಎಂದು ಒಂದು ಅವಧಿಯೆಲ್ಲ ನಾವು ವಾದಿಸಿದ್ದೆವು. ಮುಖ ನೋಡಿ, ಮಾತು ಕೇಳಿ, ಬಾವು ನೋಡಿ ಎಂದೆವು. ಎತ್ತಿಸಿಕೊಂಡು ಎಂದು ಯಾರೂ ಹೇಳಿರಲಿಲ್ಲ. ಏನು ಪಲ್ಯ ಮಾಡಲಿ ಎಂಬುದಕ್ಕೆ ಒಂದು ದಿನವೂ ಉತ್ತರ ಕೊಡದ ಮನುಷ್ಯ ಅವರು. ಅವರಲ್ಲಿ ಆ ಅರಿವು ಮೊದಲೇ ಇತ್ತೋ, ಬಿದ್ದಮೇಲೆ ಬಂತೋ, ಅದನ್ನೂ ನಾನು ಹೇಳಲಾರೆ. ಬಿದ್ದಮೇಲೆ ಬಂದಿದ್ದರೆ, ಮೊದಲಿನವರೂ ಇವರೂ ಒಬ್ಬರೇ ಎನ್ನುವುದು ಹೇಗೆ? ಪುಸ್ತಕದಲ್ಲಿ ಓದಿದಾಗ ಈ ಪ್ರಶ್ನೆ ನನಗೆ ಆಟದಂತೆ ಕಂಡಿತ್ತು.

ಅಥಣಿಯ ಕಾಲೇಜಿನಲ್ಲಿ ನನಗೆ ತಾತ್ಕಾಲಿಕ ಕೆಲಸ ಸಿಕ್ಕ ವರ್ಷ ಪಾಲಬಾವಿಗೆ ಹೋದೆ. ರಾಯಬಾಗದಲ್ಲಿ ಬಸ್ಸು ಬದಲಿಸಿ, ಊರಿನ ನಿಲ್ದಾಣದಲ್ಲಿ ಇಳಿದು ಕೇಳಿದರೆ, ಮಾಸ್ತರ ಮನೆ ಅಲ್ಲಿ ಎಂದು ತೋರಿಸಿದರು. ಎಮ್ಮೆಯ ಕೊಟ್ಟಿಗೆಗೆ ಎದುರಾಗಿ, ಬೇವಿನ ಮರದ ಕೆಳಗೆ ಹಗ್ಗ ಹೆಣೆದ ಹೊರಸು. ಅವರು ಬಿಸಿಲಿಗೆ ಕರ್ರಗಾಗಿದ್ದರು, ಮೈ ಸ್ವಲ್ಪ ತುಂಬಿಕೊಂಡಿತ್ತು. ನಾನು ಎದುರಿಗೆ ಕುಳಿತು ನನ್ನ ಮೊದಲ ತರಗತಿಯ ಸುದ್ದಿ ಹೇಳಿದೆ. ನೀನು ಇದ್ದೀ ಅಂತ ಹೇಗೆ ಗೊತ್ತು ಎಂದು ನಾನೂ ಕೇಳಿದ್ದೆ, ಒಬ್ಬ ಹುಡುಗಿ, ಮೇಡಂ, ಮನೆಯಲ್ಲಿ ಎಲ್ಲ ಕೆಲಸಕ್ಕೂ ನನ್ನನ್ನೇ ಕರೆಯುತ್ತಾರೆ, ಇಲ್ಲದಿದ್ದರೆ ಯಾಕೆ ಕರೆಯುತ್ತಿದ್ದರು ಎಂದಳು ಎಂದೆ. ಅವರ ಹೊಟ್ಟೆ ಕುಲುಕಿತು.

ಸಂಜೆಗೆ ಎಮ್ಮೆಗಳು ಹಳ್ಳದಿಂದ ಬಂದವು. ಒಂದು ಎಮ್ಮೆ ಕೊಟ್ಟಿಗೆಗೆ ಹೋಗುವ ಮುನ್ನ ಹೊರಸಿನ ಬಳಿ ನಿಂತು ಅವರ ಎಡಗೈಯನ್ನು ಮೂಸಿತು. ನನಗೆ ಹಳೆಯ ಮಾತು ನೆನಪಾಯಿತು.

"ಸರ್, ಎಮ್ಮಿಗೆ ತಾ ಎಮ್ಮಿ ಅಂತ ಗೊತ್ತೈತೇನ್ರಿ?"

ಅವರ ಕೈ ಹೊರಳಲು ಹೊರಟು ನಡುವೆ ನಿಂತಿತು. ಬೋರಲೂ ಅಲ್ಲ, ಅಂಗೈ ಮೇಲೂ ಅಲ್ಲ. ಕಿರುಬೆರಳಿನ ಅಂಚಿನ ಮೇಲೆ ನೆಟ್ಟಗೆ ನಿಂತಿತು. ಇನ್ನೂ ಉತ್ತರ ಸಿಕ್ಕಿರಲಿಲ್ಲ.

ಬಸ್ಸಿನ ಹೊತ್ತಾಗುತ್ತಿತ್ತು. ನಾನು ಕೇಳಬೇಕೆಂದು ಬಂದದ್ದು ಬೇರೆಯೇ ಇತ್ತು.

"ಸರ್, ನಿಮಗ ಇಲ್ಲಿ ಚಲೋ ಅನಸ್ತದೇನ್ರಿ?"

ಕೈ ಹೊರಳಿತು. ಅಂಗೈ ಮೇಲಾಗಿ, ಆಕಾಶ ನೋಡುತ್ತ ಹಾಗೆಯೇ ಉಳಿಯಿತು. ಅವರ ಕಣ್ಣು ನನ್ನ ಮೇಲೆ. ನಾನು ಹೊಳ್ಳಿಸಿ ಕೇಳಬೇಕಿತ್ತು, ಅದು ಅವರೇ ಕಲಿಸಿದ ಪದ್ಧತಿ. ಸರ್, ಚಿಕ್ಕೋಡಿಯ ನೆನಪು ಬಂದು ಸಂಕಟವಾಗುತ್ತದೆಯೇ ಎಂಬ ಮಾತು ನನ್ನ ನಾಲಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಕಾಕು ಚಹಾದ ಬಸಿ ಹಿಡಿದು ಹೊಸ್ತಿಲು ದಾಟಿದರು. ನೆಟ್ಟಗೆ ನಡೆದು ಬರುತ್ತಿದ್ದರು. ಸೊಂಟ ಹಿಡಿದುಕೊಂಡಿರಲಿಲ್ಲ. ನಾನು ಏನು ಕೇಳಿದರೂ ಅವರಿಗೆ ಕೇಳಿಸುವಷ್ಟು ಹತ್ತಿರ ಬಂದಿದ್ದರು.

ಅವರು ಹೆಂಡತಿಯ ಕಡೆ ಒಮ್ಮೆ ನೋಡಿದರು, ನನ್ನ ಕಡೆ ಒಮ್ಮೆ. ಆಮೇಲೆ ಆ ಕೈಯನ್ನು ಮುಚ್ಚಿ, ಬೆರಳ ಗೆಣ್ಣಿನಿಂದ ಹೊರಸಿನ ಕಟ್ಟಿಗೆಗೆ ಎರಡು ಸಲ ಬಡಿದರು.

ಬುದ್ಧಿ ಸ್ತಿಮಿತ ಇಲ್ಲದವರು ಅಷ್ಟು ಸರಿಯಾದ ಹೊತ್ತಿಗೆ ಪಾಠ ಮುಗಿಸುವುದಿಲ್ಲ.